ದೂರವನ್ನು ದೂರುವ ಮೊದಲು

ಎರಡು ರೇಡಿಯೊ ಮೋಡೆಮ್‌ಗಳ ನಡುವೆ ಸಂಪರ್ಕ ತಪ್ಪಿದರೆ ‘ರೇಂಜ್ ಸಾಲದು’ ಎಂಬ ತೀರ್ಮಾನಕ್ಕೆ ಬಂದುಬಿಡುತ್ತೇವೆ. ದೋಷ ಇರುವುದು ಹೆಚ್ಚಾಗಿ ಬೇರೆ ಕಡೆ. ಅದನ್ನು ಹುಡುಕುವುದಕ್ಕೂ ಒಂದು ಕ್ರಮವಿದೆ.

ಮಲೆನಾಡಿನ ಅಡಿಕೆ ತೋಟಗಳಲ್ಲಿ ಪಂಪ್‌ಹೌಸ್ ಇರುವುದು ಕೆಳಗೆ, ಹಳ್ಳದ ಬದಿಯಲ್ಲಿ. ನೀರಿನ ಟ್ಯಾಂಕ್ ಇರುವುದು ಮೇಲೆ, ಗುಡ್ಡದ ನೆತ್ತಿಯಲ್ಲಿ. ಟ್ಯಾಂಕ್ ತುಂಬಿತೇ ಎಂದು ನೋಡಲು ಪ್ರತಿ ಸಲ ಗುಡ್ಡ ಹತ್ತಲಾಗದು. ವೈರ್ ಎಳೆದರೆ ಮಳೆಗಾಲದಲ್ಲಿ ಮರ ಬಿದ್ದು ತುಂಡಾಗುತ್ತದೆ. ಸಿಡಿಲು ಬಡಿದರೆ ಅದೇ ವೈರಿನ ಮೂಲಕ ಎರಡೂ ತುದಿಯ ಉಪಕರಣ ಸುಟ್ಟುಹೋಗುತ್ತದೆ. ಮೊಬೈಲ್ ಸಿಗ್ನಲ್ ಎಷ್ಟೋ ಕಡೆ ಇಲ್ಲವೇ ಇಲ್ಲ. ಇಂಥ ಜಾಗಕ್ಕೆ ಹೇಳಿ ಮಾಡಿಸಿದ ಸಾಧನ ರೇಡಿಯೊ ಮೋಡೆಮ್. ಒಂದು ತುದಿಯಲ್ಲಿ ಮಾಹಿತಿಯನ್ನು ರೇಡಿಯೊ ಅಲೆಯ ಮೇಲೆ ಹೇರಿ ಕಳಿಸುವುದು, ಇನ್ನೊಂದು ತುದಿಯಲ್ಲಿ ಇಳಿಸಿಕೊಳ್ಳುವುದು ಅದರ ಕೆಲಸ. ಕಾಫಿ ಎಸ್ಟೇಟಿನ ಹವಾಮಾನ ಕೇಂದ್ರ, ಊರಿನ ಕುಡಿಯುವ ನೀರಿನ ಟ್ಯಾಂಕ್, ಔಷಧಿ ಸಿಂಪಡಿಸುವ ಡ್ರೋನ್, ಹೀಗೆ ನಾನಾ ಕಡೆ ಇಂಥ ಜೋಡಿಗಳು ದುಡಿಯುತ್ತಿರುತ್ತವೆ.

ಒಂದು ದಿನ ಈ ಜೋಡಿ ಮಾತು ನಿಲ್ಲಿಸುತ್ತದೆ. ಟ್ಯಾಂಕ್ ತುಂಬಿ ಹರಿಯುತ್ತದೆ, ಇಲ್ಲವೇ ಪಂಪ್ ಚಾಲೂ ಆಗುವುದೇ ಇಲ್ಲ. ಆಗ ಮೊದಲು ಬರುವ ಸಲಹೆ, ‘ದೂರ ಜಾಸ್ತಿಯಾಯಿತು, ಇನ್ನೂ ಪವರ್ ಇರುವ ಮೋಡೆಮ್ ಹಾಕಿ’ ಎಂಬುದು. ಸಾವಿರಾರು ರೂಪಾಯಿ ಖರ್ಚಾಗುತ್ತದೆ, ತೊಂದರೆ ಹಾಗೆಯೇ ಉಳಿಯುತ್ತದೆ. ದೂರದ ಮೇಲೆ ತಪ್ಪು ಹೊರಿಸುವ ಮೊದಲು ಒಂದು ಸಣ್ಣ ಲೆಕ್ಕ ಮಾಡುವುದು ಒಳ್ಳೆಯದು.

ಲೆಕ್ಕ ಏನು ಹೇಳುತ್ತದೆ?

ಭಾರತದಲ್ಲಿ 865ರಿಂದ 867 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯನ್ನು 2005ರಲ್ಲಿ ಪರವಾನಗಿಯಿಂದ ಮುಕ್ತಗೊಳಿಸಲಾಯಿತು. 2021ರಲ್ಲಿ ಅದು 868ರವರೆಗೆ ಹಿಗ್ಗಿತು. ತೋಟ, ಹೊಲಗಳಿಗೆ ಈಗ ಬರುತ್ತಿರುವ ಮೋಡೆಮ್‌ಗಳಲ್ಲಿ ಬಹಳಷ್ಟು ಈ ಪಟ್ಟಿಯಲ್ಲಿ ಕೆಲಸ ಮಾಡುವ ‘ಲೋರಾ’ ಬಗೆಯವು. ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಸೈಕ್ಲಿಯೊ ಎಂಬ ಸಣ್ಣ ಕಂಪನಿ ರೂಪಿಸಿದ ಈ ತಂತ್ರವನ್ನು 2012ರಲ್ಲಿ ಅಮೆರಿಕದ ಸೆಮ್‌ಟೆಕ್ ಕೊಂಡುಕೊಂಡಿತು. ಕಡಿಮೆ ವೇಗ, ಕಡಿಮೆ ವಿದ್ಯುತ್, ಬಹಳ ದೂರ ಅದರ ಗುಣ.

ಮೂರು ಕಿಲೋಮೀಟರ್ ಅಂತರದಲ್ಲಿ ಎರಡು ಲೋರಾ ಮೋಡೆಮ್‌ಗಳಿವೆ, ನಡುವೆ ಅಡ್ಡಿಯಿಲ್ಲ ಎಂದುಕೊಳ್ಳೋಣ. ಕಳಿಸುವ ಶಕ್ತಿ 25 ಮಿಲಿವಾಟ್, ರೇಡಿಯೊದವರ ಅಳತೆಯಲ್ಲಿ 14 ಡಿಬಿಎಂ. ಎರಡೂ ಕಡೆಯ ಸಾಧಾರಣ ಆಂಟೆನಾಗಳಿಂದ ತಲಾ 2 ಡೆಸಿಬೆಲ್ ಲಾಭ. ಇಷ್ಟು ದೂರಕ್ಕೆ ಬಯಲಿನಲ್ಲಿ ಆಗುವ ನಷ್ಟ ಸುಮಾರು 101 ಡೆಸಿಬೆಲ್. ಕೂಡಿ ಕಳೆದರೆ ಆ ತುದಿಗೆ ಮುಟ್ಟುವುದು ಮೈನಸ್ 83 ಡಿಬಿಎಂ. ಮಧ್ಯಮ ಸೆಟ್ಟಿಂಗ್‌ನಲ್ಲಿ ಲೋರಾ ಗ್ರಾಹಕ ಮೈನಸ್ 130ರವರೆಗೂ ಕೇಳಿಸಿಕೊಳ್ಳಬಲ್ಲದು. ಕೈಯಲ್ಲಿ ಉಳಿದದ್ದು 47 ಡೆಸಿಬೆಲ್. ಅಂದರೆ ಬೇಕಾದುದಕ್ಕಿಂತ ಸುಮಾರು 50,000 ಪಟ್ಟು ಹೆಚ್ಚು ಶಕ್ತಿ ಅಲ್ಲಿಗೆ ತಲುಪುತ್ತಿದೆ.

ದೂರ ಎರಡರಷ್ಟಾದರೆ ಕಳೆದುಕೊಳ್ಳುವುದು 6 ಡೆಸಿಬೆಲ್ ಮಾತ್ರ. 25 ಮಿಲಿವಾಟಿನ ಮೋಡೆಮ್ ತೆಗೆದು ಒಂದು ವಾಟಿನದನ್ನು ಹಾಕಿದರೆ ಸಿಗುವುದು 16 ಡೆಸಿಬೆಲ್. ಆದರೆ ಸರಿಯಾಗಿ ಕೂರದ ಒಂದು ಕನೆಕ್ಟರ್ 30 ಡೆಸಿಬೆಲ್‌ಗೂ ಮಿಕ್ಕಿ ನುಂಗಬಲ್ಲದು. ದಾರಿ ತೆರೆದಿದ್ದರೆ ದೂರ ದೊಡ್ಡ ವಿಷಯವೇ ಅಲ್ಲ. ವೆನೆಜುವೆಲಾದ ಎರ್ಮಾನೊ ಪಿಯೆತ್ರೊಸೆಮೊಲಿ 2007ರಲ್ಲಿ ಆಂಡಿಸ್ ಪರ್ವತದ ಎತ್ತರದಿಂದ 382 ಕಿಲೋಮೀಟರ್ ದೂರಕ್ಕೆ ವೈಫೈ ಸಂಪರ್ಕ ಸಾಧಿಸಿ ತೋರಿಸಿದರು. ಬಳಸಿದ್ದು ಮನೆಗಳಲ್ಲಿ ಇಡುವಂಥ ರೂಟರ್. ದೊಡ್ಡ ಆಂಟೆನಾ, ಎತ್ತರದ ಜಾಗ, ಸರಿಪಡಿಸಿದ ಸೆಟ್ಟಿಂಗ್ ಸೇರಿ ಆ ಕೆಲಸ ಮಾಡಿದವು.

ಮೊದಲು ಎರಡನ್ನೂ ಮೇಜಿನ ಮೇಲೆ ತನ್ನಿ

ಗುಡ್ಡದ ಮೇಲೊಬ್ಬರು, ಹಳ್ಳದ ಬಳಿ ಇನ್ನೊಬ್ಬರು ನಿಂತು ಕೂಗಾಡಿಕೊಂಡು ಹುಡುಕಿದರೆ ದಿನವಿಡೀ ಕಳೆದರೂ ದೋಷ ಸಿಗದು. ಎರಡೂ ಮೋಡೆಮ್ ಬಿಚ್ಚಿ ಒಂದೇ ಕೋಣೆಗೆ ತರಬೇಕು. ಇಲ್ಲಿಯೂ ಮಾತಾಡದಿದ್ದರೆ ಗುಡ್ಡ, ಮರ, ಮಳೆ ಯಾವುದರದ್ದೂ ತಪ್ಪಿಲ್ಲ. ಇಲ್ಲಿ ಮಾತಾಡಿದರೆ ಮೋಡೆಮ್‌ಗಳದ್ದು ತಪ್ಪಿರುವ ಸಾಧ್ಯತೆ ಕಡಿಮೆ. ಈ ಒಂದು ಪರೀಕ್ಷೆಯಿಂದ ಹುಡುಕುವ ಜಾಗ ಅರ್ಧಕ್ಕೆ ಇಳಿಯುತ್ತದೆ.

ಎರಡು ಎಚ್ಚರಿಕೆಗಳಿವೆ. ಆಂಟೆನಾ ಜೋಡಿಸದೆ ಮೋಡೆಮ್ ಚಾಲೂ ಮಾಡಬಾರದು. ಹೊರಹೋಗಲು ದಾರಿಯಿಲ್ಲದ ಶಕ್ತಿ ಹಿಂದಕ್ಕೆ ಬಂದು ಕಳಿಸುವ ಭಾಗವನ್ನೇ ಕೆಡಿಸಬಹುದು. ಹಾಗೆಯೇ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಪೂರ್ಣ ಶಕ್ತಿಯಲ್ಲಿ ಓಡಿಸಬಾರದು. ಒಂದು ಮೈಕ್ರೊವಾಟಿಗಿಂತ ಎಷ್ಟೋ ಕಡಿಮೆ ಶಕ್ತಿಯನ್ನು ಹಿಡಿಯಲು ಮಾಡಿದ ಗ್ರಾಹಕ ಅಷ್ಟು ಹತ್ತಿರದಿಂದ ಬಂದ ಅಲೆಗೆ ತತ್ತರಿಸುತ್ತದೆ. ಒಳ್ಳೆಯ ಮೋಡೆಮ್ ಕೂಡ ಕೆಟ್ಟಂತೆ ವರ್ತಿಸುತ್ತದೆ. ಶಕ್ತಿಯನ್ನು ಕನಿಷ್ಠಕ್ಕೆ ಇಳಿಸಿ, ಕೆಲವು ಮೀಟರ್ ದೂರದಲ್ಲಿಡಿ.

ಮೇಜಿನ ಮೇಲೆ ಮೊದಲು ನೋಡಬೇಕಾದುದು ರೇಡಿಯೊವನ್ನಲ್ಲ, ಮೋಡೆಮ್‌ಗೆ ಮಾಹಿತಿ ತಂದುಕೊಡುವ ತಂತಿಯನ್ನು. ಮೋಡೆಮ್ ಮತ್ತು ಅದಕ್ಕೆ ಜೋಡಿಸಿದ ಉಪಕರಣದಲ್ಲಿ ಒಂದರ ಟಿಎಕ್ಸ್ (ಕಳಿಸುವ ತುದಿ) ಇನ್ನೊಂದರ ಆರ್‌ಎಕ್ಸ್‌ಗೆ (ಪಡೆಯುವ ತುದಿ) ಹೋಗಬೇಕು, ಎರಡರ ಗ್ರೌಂಡ್ ಒಂದಾಗಬೇಕು, 9600 ಎಂದೋ 57600 ಎಂದೋ ಹೇಳುವ ಮಾಹಿತಿಯ ವೇಗ, ಅಂದರೆ ಬಾಡ್ ರೇಟ್, ಎರಡೂ ಕಡೆ ಒಂದೇ ಇರಬೇಕು. ಆರ್‌ಎಸ್-485 ಬಳಸುವ ಪ್ಯಾನೆಲ್‌ಗಳಲ್ಲಿ ಎ ಮತ್ತು ಬಿ ತಂತಿಗಳು ಅದಲುಬದಲಾಗುವುದು ತೀರಾ ಸಾಮಾನ್ಯ, ಕಂಪನಿಯಿಂದ ಕಂಪನಿಗೆ ಅವುಗಳ ಗುರುತೇ ಬೇರೆ. ಪರೀಕ್ಷೆ ಸುಲಭ: ಕಂಪ್ಯೂಟರಿಗೆ ಜೋಡಿಸಿದ ಸೀರಿಯಲ್ ಕೇಬಲ್ಲನ್ನು ಮೋಡೆಮ್‌ನಿಂದ ಬಿಡಿಸಿ, ಅದರ ಟಿಎಕ್ಸ್ ಮತ್ತು ಆರ್‌ಎಕ್ಸ್ ಅನ್ನು ಒಂದಕ್ಕೊಂದು ಮುಟ್ಟಿಸಿ. ನೀವು ಒತ್ತಿದ ಅಕ್ಷರ ಪರದೆಯ ಮೇಲೆ ಹಿಂದಿರುಗಿ ಬಂದರೆ ಕೇಬಲ್ ಸರಿಯಿದೆ.

ಅಲೆ ಬರುತ್ತಿದೆಯೇ, ಅಲೆಯೊಳಗಿನ ಮಾಹಿತಿ ಸರಿಯಿದೆಯೇ ಎಂಬ ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿಯೇ ಕೇಳಿಕೊಳ್ಳಬೇಕು. 2023ರ ನವೆಂಬರಿನಲ್ಲಿ ವಾಯೇಜರ್-1 ನೌಕೆಯಿಂದ ಭೂಮಿಗೆ ಅರ್ಥವಾಗದ ಮಾಹಿತಿ ಬರತೊಡಗಿತು. 24 ಶತಕೋಟಿ ಕಿಲೋಮೀಟರ್ ದೂರದಿಂದ ರೇಡಿಯೊ ಅಲೆ ಮಾತ್ರ ಎಂದಿನಂತೆ ತಲುಪುತ್ತಿತ್ತು. ಹೀಗಾಗಿ ನಾಸಾದ ಎಂಜಿನಿಯರುಗಳು ಆಂಟೆನಾವನ್ನು ಬಿಟ್ಟು, ಮಾಹಿತಿಯನ್ನು ಕಟ್ಟಿಕೊಡುವ ಕಂಪ್ಯೂಟರಿನತ್ತ ನೋಡಿದರು. ಅಲ್ಲಿನ ಮೆಮೊರಿಯ ಒಂದು ಚಿಪ್ ಕೆಟ್ಟಿತ್ತು. ಅದರಲ್ಲಿದ್ದ ಸಂಕೇತಗಳನ್ನು ಬೇರೆಡೆಗೆ ಸರಿಸಿದ ಮೇಲೆ, 2024ರ ಏಪ್ರಿಲ್‌ನಲ್ಲಿ ಓದಬಲ್ಲ ಮಾಹಿತಿ ಮತ್ತೆ ಬಂತು. ತೋಟದ ಮೋಡೆಮ್‌ನಲ್ಲೂ ದೀಪ ಮಿನುಗುತ್ತಿದ್ದು ಪರದೆಯ ಮೇಲೆ ಕಸದಂಥ ಅಕ್ಷರ ಬಂದರೆ ಬಾಡ್ ರೇಟನ್ನೇ ಮೊದಲು ಅನುಮಾನಿಸಬೇಕು.

ಒಂದೇ ಒಂದು ಅಂಕಿ ತಪ್ಪಿದರೂ

ತಂತಿ ಸರಿಯಿದ್ದೂ ಮೌನವಿದ್ದರೆ ಸೆಟ್ಟಿಂಗ್ ನೋಡಬೇಕು. ಲೋರಾದಲ್ಲಿ ಫ್ರೀಕ್ವೆನ್ಸಿ, ಬ್ಯಾಂಡ್‌ವಿಡ್ತ್, ಸ್ಪ್ರೆಡಿಂಗ್ ಫ್ಯಾಕ್ಟರ್, ಸಿಂಕ್ ವರ್ಡ್ ನಾಲ್ಕೂ ಎರಡು ತುದಿಯಲ್ಲಿ ತಾಳೆಯಾಗಬೇಕು. ಸಂಕೇತವನ್ನು ಎಷ್ಟು ಹಿಗ್ಗಿಸಿ ಕಳಿಸಬೇಕೆಂದು ಹೇಳುವ ಸ್ಪ್ರೆಡಿಂಗ್ ಫ್ಯಾಕ್ಟರ್ ಒಂದು ಕಡೆ 9, ಇನ್ನೊಂದು ಕಡೆ 10 ಇದ್ದರೆ ಸಂಪರ್ಕ ದುರ್ಬಲವಾಗುವುದಿಲ್ಲ, ಇರುವುದೇ ಇಲ್ಲ. ಜಿಗ್‌ಬೀ ಬಗೆಯ ಮೋಡೆಮ್‌ಗಳಲ್ಲಿ ಪ್ಯಾನ್ ಐಡಿ ಮತ್ತು ಚಾನೆಲ್, ಡ್ರೋನ್‌ಗಳ ಟೆಲಿಮೆಟ್ರಿ ರೇಡಿಯೊಗಳಲ್ಲಿ ನೆಟ್ ಐಡಿ ಇದೇ ಪಾತ್ರ ವಹಿಸುತ್ತವೆ. ಎರಡು ತುದಿಯ ಫರ್ಮ್‌ವೇರ್ ಆವೃತ್ತಿ ಬೇರೆಯಾಗಿದ್ದರೂ ಕೆಲವು ಜೋಡಿಗಳು ಒಂದನ್ನೊಂದು ಗುರುತಿಸುವುದಿಲ್ಲ. ಹಾಗಾಗಿ ಎರಡರ ಸೆಟ್ಟಿಂಗನ್ನೂ ಓದಿ, ಕಾಗದದ ಮೇಲೆ ಅಕ್ಕಪಕ್ಕ ಬರೆದು, ಸಾಲು ಸಾಲಾಗಿ ಹೋಲಿಸಿ. ನೆನಪನ್ನು ನಂಬಬೇಡಿ.

ಆನ್‌ಲೈನಿನಲ್ಲಿ ತರಿಸುವವರು ಇನ್ನೊಂದು ವಿಷಯ ಗಮನಿಸಬೇಕು. ಅಮೆರಿಕಕ್ಕೆಂದು ಮಾಡಿದ ಮೋಡೆಮ್ 902ರಿಂದ 928 ಮೆಗಾಹರ್ಟ್ಸ್ ನಡುವೆ ಕೆಲಸ ಮಾಡುತ್ತದೆ. ಆ ಪಟ್ಟಿ ನಮ್ಮಲ್ಲಿ ಪರವಾನಗಿ-ಮುಕ್ತವಲ್ಲ, ಅದರಲ್ಲಿ 915ರವರೆಗಿನ ಭಾಗ ಮೊಬೈಲ್ ಸೇವೆಗೆ ಸೇರಿದ್ದು. ಅಂಥ ಸಾಧನ ಬಳಸುವುದು ಕಾನೂನಿಗೂ ವಿರುದ್ಧ, ಕೆಲಸಕ್ಕೂ ಹಿತವಲ್ಲ. 433 ಮೆಗಾಹರ್ಟ್ಸ್‌ನ ಆಂಟೆನಾವನ್ನು 866ರ ಮೋಡೆಮ್‌ಗೆ ಹಾಕಿದರೂ ಕೆಲಸ ಕೆಡುತ್ತದೆ. 866ರ ಅಲೆಯ ತರಂಗದೂರ ಸುಮಾರು 35 ಸೆಂಟಿಮೀಟರ್, 433ರದ್ದು ಅದರ ಎರಡರಷ್ಟು. ನೋಡಲು ಎರಡೂ ಕಪ್ಪು ಕಡ್ಡಿಗಳೇ; ಅಲೆಗೆ ಮಾತ್ರ ವ್ಯತ್ಯಾಸ ಗೊತ್ತು.

ಎರಡು ಅಂಕಿಗಳನ್ನು ಓದಲು ಕಲಿಯಿರಿ

ಮೇಜಿನ ಮೇಲೆ ಸರಿಯಾಗಿ ಕೆಲಸ ಮಾಡಿದ ಜೋಡಿ ತೋಟದಲ್ಲಿ ಸೋತರೆ ನೆರವಿಗೆ ಬರುವುದು ಮೋಡೆಮ್ ತಾನೇ ಕೊಡುವ ಎರಡು ಅಂಕಿಗಳು. ಆರ್‌ಎಸ್‌ಎಸ್‌ಐ ಎಂಬುದು ಬಂದ ಅಲೆಯ ಬಲ. ಎಸ್‌ಎನ್‌ಆರ್ ಎಂಬುದು ಗದ್ದಲಕ್ಕಿಂತ ಅದು ಎಷ್ಟು ಮೇಲಿದೆ ಎಂಬ ಲೆಕ್ಕ. ನಡುರಾತ್ರಿಯಲ್ಲಿ ಪಿಸುಮಾತೂ ಕೇಳುತ್ತದೆ, ಜಾತ್ರೆಯಲ್ಲಿ ಕೂಗಿದರೂ ಕೇಳುವುದಿಲ್ಲ. ಧ್ವನಿಯ ಬಲವೊಂದೇ ಸಾಲದು, ಸುತ್ತಲಿನ ಗದ್ದಲವೂ ತಿಳಿದಿರಬೇಕು. ಲೋರಾದ ಹೆಚ್ಚುಗಾರಿಕೆಯೆಂದರೆ ಅದು ಗದ್ದಲದ ಕೆಳಗೂ ಕೇಳಿಸಿಕೊಳ್ಳುತ್ತದೆ. ಸ್ಪ್ರೆಡಿಂಗ್ ಫ್ಯಾಕ್ಟರ್ 7ರಲ್ಲಿ ಮೈನಸ್ 7.5, 12ರಲ್ಲಿ ಮೈನಸ್ 20 ಡೆಸಿಬೆಲ್‌ವರೆಗೆ ಅದರ ಕಿವಿ ತಾಳುತ್ತದೆ.

ಈ ಎರಡು ಅಂಕಿಗಳಿಂದ ದಾರಿ ಮೂರಾಗಿ ಒಡೆಯುತ್ತದೆ. ಎರಡೂ ಕುಸಿದಿದ್ದರೆ ಅಲೆ ತಲುಪುತ್ತಿಲ್ಲ. ಆಂಟೆನಾ, ಕೇಬಲ್, ದಾರಿ ನೋಡಿ. ಬಲ ಚೆನ್ನಾಗಿದ್ದು ಎಸ್‌ಎನ್‌ಆರ್ ಮಾತ್ರ ಕುಸಿದಿದ್ದರೆ ಗದ್ದಲ ಎಲ್ಲಿಂದ ಬರುತ್ತಿದೆ ಎಂದು ಹುಡುಕಿ. ಎರಡೂ ಚೆನ್ನಾಗಿದ್ದು ಸಂಪರ್ಕ ಆಗಾಗ ತಪ್ಪುತ್ತಿದ್ದರೆ ವಿದ್ಯುತ್ ಪೂರೈಕೆಯನ್ನೋ ಒಂದರ ಮೇಲೊಂದು ಬೀಳುವ ಸಂದೇಶಗಳನ್ನೋ ಅನುಮಾನಿಸಿ.

ಅಲೆ ತಲುಪದಿದ್ದರೆ

ಮೊದಲ ಆರೋಪಿ ಕನೆಕ್ಟರ್. ಎಸ್‌ಎಂಎ ಮತ್ತು ಆರ್‌ಪಿ-ಎಸ್‌ಎಂಎ ಎಂಬ ಎರಡು ಬಗೆಯ ಕನೆಕ್ಟರುಗಳು ನೋಡಲು ಒಂದೇ ತರ, ತಿರುಗಿಸಿದರೆ ಒಂದಕ್ಕೊಂದು ಬಿಗಿಯಾಗಿ ಕೂರುತ್ತವೆ. ಆದರೆ ಎರಡರ ನಡುವಲ್ಲೂ ಸೂಜಿ ಇಲ್ಲದೆ ಬರೀ ತೂತು ಇರುವ ಜೋಡಿ ಕೂಡಿಬಂದರೆ ಒಳಗೆ ಸಂಪರ್ಕವೇ ಆಗುವುದಿಲ್ಲ. ಹೊರಗಿನಿಂದ ಎಲ್ಲ ಸರಿಯಾಗಿ ಕಾಣುತ್ತದೆ. ಬಿಚ್ಚಿ, ಬೆಳಕಿಗೆ ಹಿಡಿದು, ಒಂದು ಕಡೆ ಸೂಜಿ ಇನ್ನೊಂದು ಕಡೆ ತೂತು ಇದೆಯೇ ನೋಡಿ.

ಎರಡನೆಯದು ಕೇಬಲ್. ಪೇಟೆಯಲ್ಲಿ ಸುಲಭವಾಗಿ ಸಿಗುವ ಆರ್‌ಜಿ-58 ಕೇಬಲ್ 866 ಮೆಗಾಹರ್ಟ್ಸ್‌ನಲ್ಲಿ ಹತ್ತು ಮೀಟರಿಗೆ ಸುಮಾರು 5 ಡೆಸಿಬೆಲ್ ತಿನ್ನುತ್ತದೆ. ಮೂರರಲ್ಲಿ ಎರಡು ಪಾಲು ಶಕ್ತಿ ದಾರಿಯಲ್ಲೇ ಖರ್ಚು. ಅದಕ್ಕಿಂತ ತೆಳುವಾದ ಆರ್‌ಜಿ-174 ಸರಿಸುಮಾರು ಎರಡರಷ್ಟು ತಿನ್ನುತ್ತದೆ. ದಪ್ಪನೆಯ ಎಲ್‌ಎಂಆರ್-400 ಅಷ್ಟೇ ಉದ್ದಕ್ಕೆ ಒಂದೂವರೆ ಡೆಸಿಬೆಲ್ ಒಳಗೆ ಮುಗಿಸುತ್ತದೆ. ಮೋಡೆಮ್‌ನ್ನೇ ನೀರು ಹೋಗದ ಡಬ್ಬಿಯಲ್ಲಿಟ್ಟು ಕಂಬದ ಮೇಲಕ್ಕೆ ಏರಿಸಿ, ಆಂಟೆನಾ ಕೇಬಲ್ ಒಂದಡಿಗೆ ಇಳಿಸುವುದು ಇನ್ನೂ ಜಾಣತನ. ಮಲೆನಾಡಿನ ಮಳೆಗೆ ಕನೆಕ್ಟರಿನೊಳಗೆ ನೀರು ಇಳಿಯದೆ ಇರದು. ತನಗೆ ತಾನೇ ಅಂಟಿಕೊಳ್ಳುವ ರಬ್ಬರ್ ಟೇಪ್ ಸುತ್ತಿ, ಡಬ್ಬಿಗೆ ಹೋಗುವ ಮುನ್ನ ಕೇಬಲ್ ಒಂದು ಸಲ ಕೆಳಗಿಳಿದು ಮೇಲೇರುವಂತೆ ಬಿಟ್ಟರೆ ನೀರು ಅಲ್ಲೇ ತೊಟ್ಟಿಕ್ಕಿಹೋಗುತ್ತದೆ.

ಮೂರನೆಯದು ಆಂಟೆನಾ ನಿಂತ ರೀತಿ. ಒಂದು ಆಂಟೆನಾ ನೆಟ್ಟಗೆ, ಇನ್ನೊಂದು ಅಡ್ಡಡ್ಡ ಇದ್ದರೆ 20 ಡೆಸಿಬೆಲ್‌ನಷ್ಟು ನಷ್ಟ ಸುಲಭವಾಗಿ ಆಗುತ್ತದೆ. ಮಲೆನಾಡಿನಲ್ಲಿ ಹೆಚ್ಚಾಗಿ ಆಗುವ ತಪ್ಪು ಇನ್ನೊಂದಿದೆ. ಸುತ್ತಲೂ ಅಲೆ ಬೀರುವ ಉದ್ದನೆಯ ಆಂಟೆನಾಕ್ಕೆ ಲಾಭ ಹೆಚ್ಚು ಎಂದು ಗುಡ್ಡದ ಮೇಲೆ ಹಾಕುತ್ತಾರೆ. ಆ ಲಾಭ ಬರುವುದು ಮೇಲಕ್ಕೂ ಕೆಳಕ್ಕೂ ಹೋಗಬೇಕಾದ ಅಲೆಯನ್ನು ದಿಗಂತದತ್ತ ಒತ್ತುವುದರಿಂದ. ಗುಡ್ಡದ ಬುಡದಲ್ಲೇ ಇರುವ ಪಂಪ್‌ಹೌಸಿನ ತಲೆಯ ಮೇಲೆ ಅಲೆ ಹಾದುಹೋಗುತ್ತದೆ. ಅಂಥಲ್ಲಿ ಲಾಭ ಕಡಿಮೆಯಿರುವ ಗಿಡ್ಡ ಆಂಟೆನಾವೇ ಮೇಲು. ದಿಕ್ಕು ಎಷ್ಟು ಮುಖ್ಯ ಎಂಬುದನ್ನು ವಾಯೇಜರ್-2 ತೋರಿಸಿಕೊಟ್ಟಿದೆ. 2023ರ ಜುಲೈನಲ್ಲಿ ತಪ್ಪು ಆದೇಶವೊಂದರಿಂದ ಅದರ ಆಂಟೆನಾ ಭೂಮಿಯಿಂದ ಕೇವಲ 2 ಡಿಗ್ರಿ ಆಚೆಗೆ ತಿರುಗಿದ್ದೇ ಸಾಕಾಯಿತು, ಸಂಪರ್ಕ ಕಡಿಯಿತು. ಆಸ್ಟ್ರೇಲಿಯಾದ ಕ್ಯಾನ್‌ಬೆರಾದಿಂದ ಕಳಿಸಿದ ಬಲವಾದ ಆದೇಶ ನೌಕೆಯನ್ನು ಮುಟ್ಟಿ ಅದು ಮತ್ತೆ ಇತ್ತ ತಿರುಗಿದ್ದು ಆಗಸ್ಟ್ 4ರಂದು.

ಕೊನೆಗೆ ದಾರಿ. ಎದುರಿನ ತುದಿ ಕಣ್ಣಿಗೆ ಕಂಡ ಮಾತ್ರಕ್ಕೆ ದಾರಿ ತೆರೆದಿದೆ ಎಂದಲ್ಲ. ರೇಡಿಯೊ ಅಲೆ ಗೆರೆಯಂತೆ ಸಾಗದೆ ಎರಡು ತುದಿಗಳ ನಡುವೆ ಹೊಟ್ಟೆ ಉಬ್ಬಿದ ಜಾಗವನ್ನು ಬಳಸಿಕೊಳ್ಳುತ್ತದೆ. ಇದಕ್ಕೆ ಫ್ರೆನೆಲ್ ವಲಯ ಎಂದು ಹೆಸರು. 866 ಮೆಗಾಹರ್ಟ್ಸ್, ಮೂರು ಕಿಲೋಮೀಟರಿಗೆ ಅದರ ನಡುಭಾಗದ ತ್ರಿಜ್ಯ ಸುಮಾರು 16 ಮೀಟರ್. ಅದರಲ್ಲಿ ಶೇ 60, ಅಂದರೆ ಹತ್ತಿರ ಹತ್ತಿರ 10 ಮೀಟರ್ ಅಡ್ಡಿಯಿಲ್ಲದೆ ಇರಬೇಕು. ಅಡಿಕೆ ಮರದ ತುದಿಗಳು ಆ ವಲಯದೊಳಕ್ಕೆ ಬಂದರೆ, ಅದರಲ್ಲೂ ಮಳೆಗೆ ತೊಯ್ದ ಸೋಗೆಗಳು ಬಂದರೆ, ಬೇಸಿಗೆಯಲ್ಲಿ ಹಾಕಿದ ಸಂಪರ್ಕ ಜೂನ್‌ನಲ್ಲಿ ತಡವರಿಸುತ್ತದೆ. ಆಗ ಕಂಬವನ್ನು ಕೆಲವು ಮೀಟರ್ ಎತ್ತರಿಸುವುದರಿಂದ ಸಿಗುವ ಫಲ ಮೋಡೆಮ್ ಬದಲಿಸುವುದರಿಂದ ಸಿಗದು.

ಗದ್ದಲ ಎಲ್ಲಿಂದ?

ಪಂಪಿನ ವೇಗ ನಿಯಂತ್ರಿಸುವ ವಿಎಫ್‌ಡಿ, ಅಗ್ಗದ ಎಲ್‌ಇಡಿ ಬಲ್ಬಿನ ಡ್ರೈವರ್, ಸೋಲಾರ್ ಚಾರ್ಜರ್ ಎಲ್ಲವೂ ರೇಡಿಯೊ ಗದ್ದಲ ಉಗುಳಬಲ್ಲವು. ಪಂಪ್ ಚಾಲೂ ಆದ ಕೂಡಲೇ ಸಂಪರ್ಕ ತಪ್ಪುತ್ತಿದ್ದರೆ ಕಾರಣ ಕಣ್ಣೆದುರೇ ಇದೆ. ಆಂಟೆನಾವನ್ನು ಪ್ಯಾನೆಲ್‌ನಿಂದ ದೂರ ಸರಿಸಿ, ಒಂದೊಂದೇ ಉಪಕರಣ ಆಫ್ ಮಾಡಿ ಎಸ್‌ಎನ್‌ಆರ್ ಏರುವುದೇ ನೋಡಿ. ಹತ್ತಿರ ಮೊಬೈಲ್ ಟವರ್ ಇದ್ದರೆ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. 850 ಮೆಗಾಹರ್ಟ್ಸ್‌ನ ಮೊಬೈಲ್ ಪಟ್ಟಿಯಲ್ಲಿ ಟವರಿನಿಂದ ಫೋನಿನ ಕಡೆಗೆ ಬರುವ ಅಲೆಗಳು 869 ಮೆಗಾಹರ್ಟ್ಸ್‌ನಿಂದ ಶುರುವಾಗುತ್ತವೆ, ನಮ್ಮ ಮೋಡೆಮ್‌ನ ಮಗ್ಗುಲಲ್ಲೇ. ಅಂಥ ಕಡೆ ಆಂಟೆನಾ ಮತ್ತು ಮೋಡೆಮ್ ನಡುವೆ ಫಿಲ್ಟರ್ ಬೇಕಾಗಬಹುದು.

ಗದ್ದಲ ನಮ್ಮ ಮೋಡೆಮ್‌ಗಳಿಂದಲೇ ಬರುವುದೂ ಉಂಟು. ಒಂದೇ ಚಾನೆಲ್‌ನಲ್ಲಿ ಹಲವು ಮೋಡೆಮ್‌ಗಳಿದ್ದು, ಎಲ್ಲವೂ ಗಂಟೆ ಹೊಡೆದಂತೆ ಒಂದೇ ಕ್ಷಣಕ್ಕೆ ಮಾತಾಡಿದರೆ ಸಂದೇಶಗಳು ಡಿಕ್ಕಿಯಾಗುತ್ತವೆ. 1971ರಲ್ಲಿ ಹವಾಯಿ ವಿಶ್ವವಿದ್ಯಾಲಯದ ನಾರ್ಮನ್ ಅಬ್ರಾಮ್ಸನ್ ಮತ್ತು ಸಂಗಡಿಗರು ಕಂಪ್ಯೂಟರುಗಳನ್ನು ರೇಡಿಯೊದಿಂದ ಬೆಸೆದು ಅಲೋಹಾನೆಟ್ ಕಟ್ಟಿದಾಗಲೇ ಇದು ಗೊತ್ತಾಗಿತ್ತು. ಯಾರು ಯಾವಾಗ ಬೇಕಾದರೂ ಮಾತಾಡಬಹುದಾದ ಚಾನೆಲ್‌ನಲ್ಲಿ, ಅತ್ಯುತ್ತಮ ಸ್ಥಿತಿಯಲ್ಲೂ ಶೇ 18ರಷ್ಟು ಸಮಯ ಮಾತ್ರ ಉಪಯೋಗಕ್ಕೆ ಬರುತ್ತದೆ. ಪ್ರತಿ ಮೋಡೆಮ್ ಗೊತ್ತುಗುರಿಯಿಲ್ಲದ ಸಣ್ಣ ವಿಳಂಬದ ನಂತರ ಕಳಿಸುವಂತೆ ಮಾಡುವುದು, ಸಂದೇಶ ಚಿಕ್ಕದಾಗಿ ಇಡುವುದು ಇಂದಿಗೂ ಒಳ್ಳೆಯ ಪರಿಹಾರ.

ಕರೆಂಟನ್ನು ಮರೆಯಬೇಡಿ

ತಮಿಳುನಾಡಿನ ಥೇಣಿಯಲ್ಲಿ ಅರವಿಂದ ಕಣ್ಣಾಸ್ಪತ್ರೆಯನ್ನು ಸುತ್ತಲಿನ ಊರುಗಳ ದೃಷ್ಟಿ ಕೇಂದ್ರಗಳೊಂದಿಗೆ ದೂರಗಾಮಿ ವೈಫೈ ಮೂಲಕ ಜೋಡಿಸಿದ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಂಡ ತನ್ನ ಅನುಭವವನ್ನು 2008ರಲ್ಲಿ ಪ್ರಕಟಿಸಿತು. ಗ್ರಾಮೀಣ ಜಾಲಗಳನ್ನು ಕಾಡುವ ದೊಡ್ಡ ಸಮಸ್ಯೆ ರೇಡಿಯೊ ಅಲ್ಲ, ಗುಣಮಟ್ಟವಿಲ್ಲದ ವಿದ್ಯುತ್ ಎಂಬುದು ಅದರ ಮುಖ್ಯ ಪಾಠಗಳಲ್ಲೊಂದು. ತೋಟಗಳಿಗೂ ಈ ಮಾತು ಅಕ್ಷರಶಃ ಅನ್ವಯಿಸುತ್ತದೆ. ಕೇಳುತ್ತಾ ಸುಮ್ಮನಿರುವಾಗ ಮೋಡೆಮ್‌ಗೆ ಬೇಕಾದ ವಿದ್ಯುತ್ ತೀರಾ ಕಡಿಮೆ. ಒಂದು ವಾಟಿನ ಮೋಡೆಮ್ ಕಳಿಸುವ ಕ್ಷಣದಲ್ಲಿ ಮಾತ್ರ ಅರ್ಧ ಆಂಪಿಯರಿಗೂ ಮಿಕ್ಕಿ ಎಳೆಯುತ್ತದೆ. ತೆಳ್ಳಗಿನ ಉದ್ದ ವೈರಿನಲ್ಲಿ ಆ ಕ್ಷಣ ವೋಲ್ಟೇಜ್ ಕುಸಿದು ಮೋಡೆಮ್ ರೀಸೆಟ್ ಆಗುತ್ತದೆ. ಸುಮ್ಮನಿರುವಾಗ ಮೀಟರ್ ಹಿಡಿದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಕಳಿಸುತ್ತಿರುವಾಗಲೇ, ಮೋಡೆಮ್‌ನ ಪಿನ್ನಿನಲ್ಲೇ ವೋಲ್ಟೇಜ್ ಅಳೆಯಬೇಕು.

ಸೋಲಾರ್ ಬ್ಯಾಟರಿಯನ್ನು ಬೆಳಗಿನ ಜಾವ ಅಳೆಯಿರಿ. ರಾತ್ರಿಯಿಡೀ ಖರ್ಚಾಗಿ ಅದು ಅತಿ ಸೊರಗಿರುವ ಹೊತ್ತು ಅದೇ. 12 ವೋಲ್ಟಿನ ಲೆಡ್ ಆ್ಯಸಿಡ್ ಬ್ಯಾಟರಿ ತುಂಬಿದಾಗ 12.6ರ ಆಸುಪಾಸು ತೋರಿಸುತ್ತದೆ. 12ಕ್ಕಿಳಿದರೆ ಮುಕ್ಕಾಲು ಪಾಲು ಬರಿದಾಗಿದೆ ಎಂದೇ ಅರ್ಥ. ಸಂಪರ್ಕ ಪ್ರತಿದಿನ ನಸುಕಿನಲ್ಲಿ ತಪ್ಪಿ ಬಿಸಿಲೇರಿದ ಮೇಲೆ ತಾನಾಗಿ ಸರಿಹೋದರೆ ಆಂಟೆನಾ ಮುಟ್ಟುವ ಅಗತ್ಯವಿಲ್ಲ.

ಒಂದು ಸಲಕ್ಕೆ ಒಂದೇ ಬದಲಾವಣೆ

ಇಷ್ಟಾದರೂ ದೋಷ ಸಿಗದಿದ್ದರೆ ಎರಡೂ ತುದಿಯ ಮೋಡೆಮ್‌ಗಳನ್ನು ಅದಲುಬದಲು ಮಾಡಿ. ತೊಂದರೆ ಮೋಡೆಮ್ ಜತೆ ಸ್ಥಳ ಬದಲಿಸಿದರೆ ದೋಷ ಮೋಡೆಮ್‌ನದು. ಅದೇ ಜಾಗದಲ್ಲಿ ಉಳಿದರೆ ದೋಷ ಆ ಜಾಗದ ಆಂಟೆನಾ, ಕೇಬಲ್ ಅಥವಾ ವಿದ್ಯುತ್ತಿನದು. ಒಟ್ಟೊಟ್ಟಿಗೆ ಆಂಟೆನಾ, ಸೆಟ್ಟಿಂಗ್, ಬ್ಯಾಟರಿ ಎಲ್ಲವನ್ನೂ ಬದಲಿಸಿದರೆ ಸಂಪರ್ಕ ಬಂದರೂ ಯಾವುದರಿಂದ ಬಂತೆಂದು ತಿಳಿಯುವುದಿಲ್ಲ. ಅದೇ ತೊಂದರೆ ಮತ್ತೆ ಬಂದಾಗ ಮತ್ತೆ ಮೊದಲಿನಿಂದ ಹುಡುಕಬೇಕಾಗುತ್ತದೆ.

ಊರಿನ ಕುಡಿಯುವ ನೀರು, ತೋಟದ ನೀರಾವರಿ, ಮಳೆಯ ಎಚ್ಚರಿಕೆ ಇಂದು ಈ ಸಣ್ಣ ಪೆಟ್ಟಿಗೆಗಳನ್ನು ನೆಚ್ಚಿಕೊಂಡಿವೆ. ಆದರೆ ಇವನ್ನು ಅಳವಡಿಸುವವರು ಕೆಲಸ ಮುಗಿಸಿ ಹೋದ ಮೇಲೆ ಅಲ್ಲಿ ಒಂದು ಸಾಲು ದಾಖಲೆಯೂ ಉಳಿಯುವುದಿಲ್ಲ. ಐಟಿಐ, ಡಿಪ್ಲೊಮಾ ಕಾಲೇಜುಗಳ ಅಭ್ಯಾಸ ತರಗತಿಗೆ ಈ ಹುಡುಕಾಟದ ಕ್ರಮ ಬರಬೇಕು. ಪಂಚಾಯಿತಿಯಾಗಲಿ ರೈತರಾಗಲಿ, ಸಂಪರ್ಕ ಚೆನ್ನಾಗಿರುವ ದಿನದ ಅಂಕಿಗಳನ್ನು ಬರೆಸಿಕೊಳ್ಳದೆ ಪೂರ್ತಿ ಹಣ ಕೊಡಬಾರದು. ನಿಮ್ಮಲ್ಲಿ ಈಗಾಗಲೇ ಇಂಥ ಜೋಡಿ ಇದ್ದರೆ, ಅದು ಸರಿಯಾಗಿ ಕೆಲಸ ಮಾಡುತ್ತಿರುವ ಇವತ್ತೇ ಆರ್‌ಎಸ್‌ಎಸ್‌ಐ, ಎಸ್‌ಎನ್‌ಆರ್, ಬ್ಯಾಟರಿ ವೋಲ್ಟೇಜ್, ಫ್ರೀಕ್ವೆನ್ಸಿ ಮತ್ತು ಉಳಿದ ಸೆಟ್ಟಿಂಗುಗಳನ್ನು ಒಂದು ಹಾಳೆಯಲ್ಲಿ ಬರೆದು, ದಿನಾಂಕ ಹಾಕಿ, ಪ್ಯಾನೆಲ್ ಬಾಗಿಲಿನ ಒಳಬದಿಗೆ ಅಂಟಿಸಿ.